ಹಾಡು ನಿಲ್ಲದ ಕಾರು

ಇಮಾಮಹುಸೇನನ ಕೈಯಲ್ಲಿ ರಿಪೇರಿಯಾದ ಒಂದು ಗಾಡಿ ಬೆಳಗಾವಿಯ ಶಹಾಪುರದಿಂದ ಹೊರಟಿತು. ನಿಲ್ಲುವುದೆಂದರೆ ಏನು ಎಂಬುದನ್ನೇ ಮರೆತು, ಖಾನಾಪುರ ದಾಟಿ, ಘಟ್ಟ ಇಳಿದು, ಗೋವಾದ ಸಮುದ್ರದ ದಂಡೆಯವರೆಗೂ ಹೋಯಿತು. ಅಲ್ಲಿ ನೀರು ಕಂಡು ತುಸು ಯೋಚನೆ ಮಾಡಿ, ಮಾಲೀಕನನ್ನೂ ಕೇಳದೆ ತಾನೇ ಹೊರಳಿ, ಸಂಜೆ ಚಹಾದ ಹೊತ್ತಿಗೆ ಗ್ಯಾರೇಜಿನ ಮುಂದೆ ವಾಪಸು ಬಂದು ನಿಂತಿತು. ಬರುವಾಗ ಒಂದು ಹನಿ ಪೆಟ್ರೋಲು ಸುಡಲಿಲ್ಲ. ಅವನು ಹೇಳುವ ಈ ಕಥೆಯನ್ನು ಶಹಾಪುರದ ಮಂದಿ ನಂಬುತ್ತಲೂ ಇರಲಿಲ್ಲ, ಅಲ್ಲಗಳೆಯುತ್ತಲೂ ಇರಲಿಲ್ಲ. ಕೈಯಲ್ಲಿದ್ದ ಚಹಾ ಮುಗಿಯುವವರೆಗೆ ಕೇಳಿ, ಕಪ್ಪು ಇಟ್ಟು ಎದ್ದು ಹೋಗುತ್ತಿದ್ದರು.

ಗ್ಯಾರೇಜಿನ ಹಲಗೆಯ ಮೇಲೆ ಕೆಂಪು ಬಣ್ಣದಲ್ಲಿ ಒಂದೇ ಸಾಲು ಬರೆಸಿದ್ದ: ‘ಒಮ್ಮೆ ಬಂದ ಗಾಡಿ ಎರಡನೇ ಸಲ ಬರುವುದಿಲ್ಲ.’ ಗಾಡಿ ಅಷ್ಟೇ ಅಲ್ಲ, ಗಿರಾಕಿಯೂ ಬರುವುದಿಲ್ಲ ಎಂದು ಅವನ ಹೆಂಡತಿ ಫಕ್ರುನ್ನಿಸಾ ದಿನಕ್ಕೊಮ್ಮೆ ಸೇರಿಸುತ್ತಿದ್ದಳು. ಅದು ಸುಳ್ಳು. ಗಿರಾಕಿಗಳು ಬರುತ್ತಿದ್ದರು, ಏಕೆಂದರೆ ಅರವತ್ತರ ಹೊಸ್ತಿಲಲ್ಲಿದ್ದ ಈ ಮನುಷ್ಯನ ಕೈ ನಿಜಕ್ಕೂ ಚೆನ್ನಾಗಿತ್ತು. ನಾಲಿಗೆ ಮಾತ್ರ ಕೈಗಿಂತ ಹತ್ತು ಮೈಲಿ ಮುಂದೆ ಓಡುತ್ತಿತ್ತು. ಫೋನಿನಲ್ಲಿ ಎಂಜಿನ್ನಿನ ಸದ್ದು ಕೇಳಿಸಿದರೆ ಸಾಕು, ಯಾವ ನಟ್ಟು ಸಡಿಲಾಗಿದೆ, ಆ ನಟ್ಟು ಬಿಗಿದವನು ಅವತ್ತು ಬೆಳಿಗ್ಗೆ ಏನು ತಿಂದಿದ್ದ ಎಂದು ಹೇಳಬಲ್ಲೆ ಎನ್ನುತ್ತಿದ್ದ. ನಲವತ್ತು ವರ್ಷದ ಧಂದೆಯಲ್ಲಿ ‘ಗೊತ್ತಿಲ್ಲ’ ಎಂಬ ಮಾತು ಅವನ ಬಾಯಿಂದ ಬಿದ್ದದ್ದನ್ನು ಯಾರೂ ಕೇಳಿರಲಿಲ್ಲ.

ಅಂಥವನ ಅಂಗಳಕ್ಕೆ ಒಂದೇ ಬಿಳಿ ಕಾರು ಒಂದೂವರೆ ತಿಂಗಳಲ್ಲಿ ನಾಲ್ಕನೇ ಸಲ ಬಂದು ನಿಂತಿತು. ಬಂದಾಗಲೆಲ್ಲ ಇಮಾಮಹುಸೇನ ಅದನ್ನು ಹಲಗೆ ಕಾಣದ ಹಾಗೆ ಗೋಡೆಯ ಆಚೆ ನಿಲ್ಲಿಸುತ್ತಿದ್ದ.

ಕಾರು ಪದ್ಮಶ್ರೀಯದು. ಆಕೆ ಎರಡು ಓಣಿ ಆಚೆಯ ಮಗ್ಗದ ಮನೆಯ ಸೊಸೆ, ಖಾನಾಪುರದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಎರಡು ಬಸ್ಸು ಬದಲಿಸಿ, ನಿಂತು, ನೂಕಿಸಿಕೊಂಡು ಆರು ವರ್ಷ ಓಡಾಡಿದ ಮೇಲೆ, ಹೋದ ವರ್ಷ ಈ ಹಳೆಯ ಕಾರು ಕೊಂಡು, ತಾನೇ ಓಡಿಸಲು ಕಲಿತಿದ್ದಳು. ಯುಗಾದಿಯ ಮುಂಚೆ ಒಮ್ಮೆ ಕೀಲಿ ಚಾಲೂ ಮಾಡುವ ಲಾಕಿನೊಳಗೇ ಮುರಿದಾಗ ಇಮಾಮಹುಸೇನನೇ ಒಂದು ತಾಸಿನಲ್ಲಿ ಬೇರೆ ಲಾಕು ಕೂರಿಸಿ, ಅದರದೇ ಎರಡು ಕೀಲಿ ಕೊಟ್ಟು, ಗೋಳಗುಮ್ಮಟ ಬಿದ್ದರೂ ಈ ಲಾಕು ಬೀಳುವುದಿಲ್ಲ ಎಂದು ಕಳಿಸಿದ್ದ. ಆಮೇಲೆ ನಾಲ್ಕು ತಿಂಗಳು ಕಾರು ಚೆನ್ನಾಗಿಯೇ ಓಡಿತು. ಶ್ರಾವಣ ಬಂದದ್ದೇ ಅದಕ್ಕೆ ಏನೋ ಹಿಡಿಯಿತು.

ಓಡುತ್ತ ಓಡುತ್ತಲೇ ಎಂಜಿನ್ನು ಸಾಯುತ್ತಿತ್ತು. ಕೆಮ್ಮಿಲ್ಲ, ನಡುಕವಿಲ್ಲ, ಹೊಗೆಯಿಲ್ಲ. ಮಚ್ಛೆಯ ಹತ್ತಿರ ಒಮ್ಮೆ, ದೇಸೂರ ದಾಟಿ ಒಮ್ಮೆ, ಮಲಪ್ರಭೆಯ ಸೇತುವೆಯ ನಟ್ಟನಡುವೆ ಇನ್ನೊಮ್ಮೆ. ಸ್ಟೇರಿಂಗು ಕಲ್ಲಾಗುತ್ತಿತ್ತು. ಹಿಂದಿನ ಲಾರಿಗಳು ಬೊಬ್ಬೆ ಹಾಕುತ್ತಿದ್ದವು. ಹೇಗೋ ಬದಿಗೆ ತಂದು ಕೀಲಿ ತಿರುವಿದರೆ ಮೊದಲನೇ ತಿರುವಿಗೇ, ಮಧ್ಯಾಹ್ನದ ನಿದ್ದೆಯಿಂದ ಎದ್ದ ಅಳಿಯನ ಹಾಗೆ, ಏನೂ ನಡೆದಿಲ್ಲವೆಂಬಂತೆ ಎದ್ದು ಗುರುಗುಡುತ್ತಿತ್ತು. ಒಂದು ಲಾರಿ ಮಾರು ದೂರದಲ್ಲಿ ಬ್ರೇಕು ಹಾಕಿ ನಿಂತದ್ದೂ ಆಯಿತು. ಇಮಾಮಹುಸೇನ ಮುಂದೆ ಈ ಕಥೆ ಹೇಳುವಾಗ ಆ ಅಂತರ ಒಂದು ಕೂದಲಿನಷ್ಟಾಗಿತ್ತು.

ಮೊದಲ ದಿನ ಆಕೆ ಕಾರು ಬಿಟ್ಟು ಹೋಗುವಾಗ ತನ್ನ ಕೀಲಿಗೊಂಚಲಿನಿಂದ ಕಾರಿನ ಕೀಲಿಯೊಂದನ್ನೇ ಬಿಡಿಸಿ ಅವನ ಕೈಗಿಟ್ಟು ಹೇಳಿದ್ದಳು: “ಚಾಚಾ, ಎಂಜಿನ್ ಬಂದ್ ಆಗ್ತದ, ಮೀಟರಿನ ದೀಪ ಎಲ್ಲಾ ಆರ್ತಾವ. ಆದ್ರ ಹಾಡು ಮಾತ್ರ ನಡದ ಇರ್ತದ. ಇದೇನ ಲೆಕ್ಕ ನಂಗ ತಿಳೀವಲ್ದು.”

ಕಪ್ಪೆಯ ಉಸಿರು ಕೇಳಿ ಅದರ ವಯಸ್ಸು ಹೇಳಬಲ್ಲೆನೆನ್ನುವ ಇಮಾಮಹುಸೇನ ಆಗ ಬಾಜು ಕುಳಿತ ಗಿರಾಕಿಗೆ, ಯಾರೋ ದೊಡ್ಡವರ ಕಾರನ್ನು ತಾನು ಹೇರ್‌ಪಿನ್ನಿನಿಂದ ಚಾಲೂ ಮಾಡಿದ ಪ್ರಸಂಗ ಹೇಳುತ್ತಿದ್ದ. “ಹಾಡು ಛಲೋದ ಇರಬೇಕು ಬಿಡ್ರಿ ಟೀಚರ,” ಎಂದು ಮತ್ತೆ ಹೇರ್‌ಪಿನ್ನಿಗೆ ಹೋದ.

ಆಮೇಲೆ ಅವನು ಏನೇನು ಮಾಡಲಿಲ್ಲ? ಪ್ಲಗ್ಗು ಬದಲಿಸಿದ. ಫಿಲ್ಟರು ಬದಲಿಸಿದ. ಪೆಟ್ರೋಲ್ ಪಂಪು ಬಿಚ್ಚಿ, ತೊಳೆದು, ಬಿಸಿಲಿಗಿಟ್ಟು, ಮತ್ತೆ ಹಾಕಿದ. ವೈರುಗಳನ್ನು ಒಂದೊಂದಾಗಿ ಸವರಿ ನೋಡಿದ. ತಾನೇ ಓಡಿಸಿಕೊಂಡು ಖಾನಾಪುರಕ್ಕೆ ಮೂರು ಸಲ ಹೋಗಿ ಬಂದ. ಅವನ ಲೆಕ್ಕದಲ್ಲಿ ಅದು ಇಪ್ಪತ್ತೊಂದು ಸಲ. ತಗ್ಗಿನಲ್ಲಿ ಇಳಿಸಿದ, ರಸ್ತೆಯ ಹಂಪಿನ ಮೇಲೆ ಹಾರಿಸಿದ, ಏರಿನಲ್ಲಿ ಎಳೆಸಿದ. ಕಾರು ಒಮ್ಮೆಯೂ ನಿಲ್ಲಲಿಲ್ಲ. ಪದ್ಮಶ್ರೀಯ ಗಂಡ ಬಸವಪ್ರಸಾದ, ಮಗ್ಗಗಳನ್ನು ನೋಡಿಕೊಳ್ಳುವವನು, ತನ್ನ ಹತ್ತಿರವಿದ್ದ ಎರಡನೇ ಕೀಲಿಯಿಂದ ಚಾಲೂ ಮಾಡಿ ಒಂದು ರವಿವಾರ ಇಡೀ ಓಡಿಸಿದ. ನಿಲ್ಲಲಿಲ್ಲ. ಸೋಮವಾರ ಪದ್ಮಶ್ರೀ ಕುಳಿತಳು. ಊರು ದಾಟುವುದರೊಳಗೆ ನಿಂತಿತು.

ಇಮಾಮಹುಸೇನನ ತಲೆ ಹೊಲಿಗೆ ಬಿಚ್ಚಿದ ಚೀಲದಂತಾಯಿತು. ಊಟಕ್ಕೆ ಕುಳಿತರೆ ರೊಟ್ಟಿಯನ್ನು ಗೇರಿನ ಹಾಗೆ ಹಿಂದೆ ಮುಂದೆ ಮಾಡುತ್ತ ಕೂಡುತ್ತಿದ್ದ. ಮಳೆಯ ತೇವ ಇರಬಹುದೇ? ಆದರೆ ಅದೇ ಮಳೆಯಲ್ಲಿ ತಾನೂ ಓಡಿಸಿದ್ದನಲ್ಲ. ಪೆಟ್ರೋಲಿನಲ್ಲಿ ಕಸವಿರಬಹುದೇ? ಕಸಕ್ಕೆ ಗಂಡಸು ಹೆಂಗಸು ಎಂಬ ಭೇದ ಗೊತ್ತಾಗುವುದು ಹೇಗೆ? ಹೆದರಿಕೆ ಹತ್ತಿ ಒಂದು ಮುಂಜಾನೆ ಬಾನೆಟ್ಟಿನ ಮೇಲೆ ಊದಿನಕಡ್ಡಿಯನ್ನೂ ಹಚ್ಚಿಟ್ಟ. ಗಾಡಿಗೆ ಬದಲು ಬಾಯಿಗೆ ಸ್ವಲ್ಪ ಹೊಗೆ ಹಾಕಿಕೊಂಡರೆ ಗುಣವಾಗಬಹುದು ಎಂದು ಫಕ್ರುನ್ನಿಸಾ ಹೇಳಿದಳು.

ನಾಲ್ಕನೇ ಸಲ ಕಾರು ಬಂದಾಗ ಬಸವಪ್ರಸಾದ ಜೊತೆಗೇ ಬಂದು ನೇರವಾಗಿ ಕೇಳಿದ: ತಪ್ಪು ಗಾಡಿಯದೋ, ಓಡಿಸುವವರದೋ? ಇಮಾಮಹುಸೇನ ‘ಗೊತ್ತಿಲ್ಲ’ ಎಂದಿದ್ದರೆ ಕಥೆ ಅಲ್ಲಿಗೇ ಬೇರೆ ದಾರಿ ಹಿಡಿಯುತ್ತಿತ್ತು. ಆ ಮಾತು ಗಂಟಲಿನವರೆಗೆ ಬಂದು, ಹಲಗೆಯ ಕೆಂಪು ಅಕ್ಷರ ನೋಡಿ, ಒಳಗಿಳಿಯಿತು.

“ಗಾಡಿ ಬಂಗಾರ ಐತ್ರಿ ಪ್ರಸಾದಣ್ಣಾ,” ಎಂದ. “ಟೀಚರ್‌ದು ಎಡಗಾಲು ಕ್ಲಚ್ಚಿನ ಮ್ಯಾಲ ಒಂದೀಟು ಭಾರ ಬೀಳ್ತದ, ಅಷ್ಟ.”

ಬಸವಪ್ರಸಾದ ಕೆಟ್ಟವನಲ್ಲ. ಲಾರಿಯ ಸುದ್ದಿ ಕೇಳಿದ ದಿನದಿಂದ ಹೆಂಡತಿ ಮನೆ ತಲುಪುವವರೆಗೆ ಅವನು ಮಗ್ಗದ ಮುಂದೆ ಕೂಡುತ್ತಿರಲಿಲ್ಲ, ಬಾಗಿಲಲ್ಲಿ ನಿಲ್ಲುತ್ತಿದ್ದ. ಮೆಕ್ಯಾನಿಕನೇ ಹೀಗೆಂದ ಮೇಲೆ ಇನ್ನೇನು? ಕಾರು ಮಾರುವುದೆಂದು ಕಾಕತಿಯ ಒಬ್ಬರಿಗೆ ಮಾತು ಕೊಟ್ಟ. ಬರುವ ರವಿವಾರ ಅವರು ಬಂದು ಕಾರು ಒಯ್ಯುವುದು, ಸೋಮವಾರದಿಂದ ಪದ್ಮಶ್ರೀ ಮತ್ತೆ ಬಸ್ಸು ಹಿಡಿಯುವುದು ಎಂದು ಮನೆಯಲ್ಲಿ ಠರಾವಾಯಿತು.

ಶುಕ್ರವಾರ ಸಂಜೆ ಪದ್ಮಶ್ರೀ ಗ್ಯಾರೇಜಿಗೆ ಬಂದಳು. ಕೂಡ್ರಿ ಎಂದರೆ ಕೂಡಲಿಲ್ಲ.

“ಚಾಚಾ, ನಿಮ್ಮ ಒಂದ ಮಾತಿಗೆ ನನ್ನ ಗಾಡಿ ಹೊಂಟದ. ನಾಳೆ ಮುಂಜಾನಿ ಸಾಲಿಗಿ ಹೋಗೂಮುಂದ ನನ್ನ ಬಾಜು ಕುಂತು ಬರ್ರಿ. ನನ್ನ ಕಾಲು ನೋಡ್ರಿ, ಬೇಕಾದಷ್ಟ ನೋಡ್ರಿ. ತಪ್ಪು ನಂದಿದ್ರ ನಾನ ಕಾಕತಿಯವ್ರ ಕೈಯಾಗ ಕೀಲಿ ಇಡ್ತೀನಿ.”

ಮಾತಿಗೆ ಮಾತು ಕೊಡುವುದರಲ್ಲಿ ಬೆಳಗಾವಿಯನ್ನೇ ಸೋಲಿಸಿದವನು ಬರೇ ತಲೆ ಆಡಿಸಿದ.

ಶನಿವಾರ ಮುಂಜಾನೆಯ ಶಾಲೆ. ಏಳಕ್ಕೇ ಪದ್ಮಶ್ರೀ ಹೊರಟು ಬಂದಳು, ಸೊಂಟದಲ್ಲಿ ಬೆಳ್ಳಿಯ ಕೀಲಿಗೊಂಚಲು ಝಣಝಣ ಎನ್ನುತ್ತಿತ್ತು. ಆ ಮನೆಯಲ್ಲಿ ಒಂದು ಪದ್ಧತಿ. ಅತ್ತೆ ಮನೆಯ ಯಜಮಾನಿಕೆ ಬಿಟ್ಟುಕೊಡುವಾಗ ಕೀಲಿಗೊಂಚಲನ್ನು ಸೊಸೆಯ ಸೊಂಟಕ್ಕೆ ಸಿಕ್ಕಿಸುತ್ತಾಳೆ. ಆ ದಿನದಿಂದ ಯಜಮಾನಿಯ ಯಾವ ಕೀಲಿಯೂ ಒಂಟಿಯಾಗಿ ಇರಬಾರದು, ಎಲ್ಲವೂ ಆ ಗೊಂಚಲಿನ ಬಳೆಯಲ್ಲೇ ಇರಬೇಕು. ಬಳೆ ಯಜಮಾನಿಯ ಹತ್ತಿರವೇ ಇರಬೇಕು, ಪರರ ಕೈ ಸೇರಬಾರದು. ಅತ್ತೆ ಶಿವಬಸವ್ವ ನಲವತ್ತು ವರ್ಷ ಹೊತ್ತದ್ದನ್ನು ಈ ಶ್ರಾವಣದ ಮೊದಲ ಸೋಮವಾರ ಸೊಸೆಗೆ ಸಿಕ್ಕಿಸಿದ್ದಳು. ಟಿಜೂರಿಯ ಗೇಣುದ್ದದ ಕೀಲಿ, ನೂಲಿನ ಕೋಣೆಯದು, ಮಗ್ಗದ ಶೆಡ್ಡಿನದು, ಕಪಾಟಿನವು, ಯಾವ ಬೀಗದ್ದೆಂದು ಯಾರಿಗೂ ನೆನಪಿಲ್ಲದ ಐದಾರು, ಜೊತೆಗೆ ಎರಡು ಬೆಳ್ಳಿ ಗೆಜ್ಜೆ. ಇದರ ತೂಕ ಅರ್ಧ ಕಿಲೋ ಇದ್ದೀತು. ಇಮಾಮಹುಸೇನನ ಬಾಯಲ್ಲಿ ಮುಂದೆ ಅದು ಗಿರಣಿಯ ಕಲ್ಲಿನಷ್ಟಾಯಿತು.

ಪದ್ಮಶ್ರೀ ಕಾರಿನಲ್ಲಿ ಕುಳಿತು, ಸೊಂಟದಿಂದ ಗೊಂಚಲು ತೆಗೆದು, ಅದರೊಳಗಿನ ಕಾರಿನ ಕೀಲಿ ಹಚ್ಚಿ ತಿರುವಿದಳು. ಗೊಂಚಲು ಜೋತಾಡಿತು. ಇಮಾಮಹುಸೇನ ಅದನ್ನು ನೋಡಲಿಲ್ಲ. ಅವನ ಕಣ್ಣು ಆಕೆಯ ಎಡಗಾಲಿನ ಮೇಲಿತ್ತು.

ಕಾಲು ಚೊಕ್ಕವಾಗಿತ್ತು. ಕ್ಲಚ್ಚು ಒತ್ತುವುದು, ಬಿಡುವುದು, ಗೇರು ಹಾಕುವುದು, ಎಲ್ಲ ಗಣಿತದ ಹಾಗೆ. ತಾನೇ ಇಷ್ಟು ಸರಿಯಾಗಿ ಓಡಿಸುವುದಿಲ್ಲವಲ್ಲ ಎಂದು ಅವನಿಗೆ ಅನ್ನಿಸಿತು. ಪೀರನವಾಡಿ ದಾಟಿತು. ಮಚ್ಛೆಯ ಹಂಪು ಬಂತು, ಕಾರು ಕುಪ್ಪಳಿಸಿತು, ಎಂಜಿನ್ನು ಸತ್ತಿತು. ಹಾಡು ನಡೆದೇ ಇತ್ತು. ಆಕೆ ಅವನ ಮುಖ ನೋಡಿದಳು. ಕೀಲಿ ತಿರುವಿದಳು, ಚಾಲೂ ಆಯಿತು. ದೇಸೂರಿನ ಆಚೆ ರಸ್ತೆ ಕಿತ್ತುಹೋದ ಕಡೆ ಇನ್ನೊಮ್ಮೆ ಸತ್ತಿತು. ಆಗಲೂ ಹಾಡು ನಡೆದಿತ್ತು. ಇಮಾಮಹುಸೇನ ಇಳಿದು ಬಾನೆಟ್ಟು ಎತ್ತಿ ಒಳಗೆ ತಲೆ ಹಾಕಿದ. ಎಂಜಿನ್ನು ಅವನನ್ನು ನೋಡಿತು, ಅವನು ಎಂಜಿನ್ನನ್ನು ನೋಡಿದ. ಇಬ್ಬರಿಗೂ ಏನೂ ತಿಳಿಯಲಿಲ್ಲ.

ಶಾಲೆ ಬಿಡುವವರೆಗೆ ಅವನು ಕಾಂಪೌಂಡಿನ ಮರದ ಕೆಳಗೆ ಕಾರಿನ ಹೊಟ್ಟೆ ಕೆದಕುತ್ತ ಕುಳಿತ. ಬಿಡುವಿನಲ್ಲಿ ಪದ್ಮಶ್ರೀ ಕಳಿಸಿದ ಅವಲಕ್ಕಿ ಆರಿಹೋಯಿತು. ಹನ್ನೊಂದೂವರೆಗೆ ಆಕೆ ಬಂದು ಗೊಂಚಲನ್ನು ತಾನೇ ಕೀಲಿಯ ಜಾಗಕ್ಕೆ ಹಚ್ಚಿದಾಗ, ಈ ಸಲ ನಾ ಓಡಿಸುತ್ತೇನೆ ಎಂದ. ಒಂದು ಗಳಿಗೆ ಯೋಚಿಸಿ ಆಕೆ ಬಾಜು ಸರಿದಳು. ಗೊಂಚಲು ಅವನ ಕೈಗೆ ಕೊಟ್ಟಂತಾಗುವುದಿಲ್ಲ, ಕಾರಿಗೇ ಕೊಟ್ಟದ್ದು ಎಂದು ಸಮಾಧಾನ ಮಾಡಿಕೊಂಡಿರಬೇಕು.

ಖಾನಾಪುರದ ಬಸ್ ನಿಲ್ದಾಣದ ಮುಂದೆ, ಶನಿವಾರದ ಗದ್ದಲದಲ್ಲಿ, ಇಮಾಮಹುಸೇನನ ನಲವತ್ತು ವರ್ಷದ ಕಾಲಿನ ಕೆಳಗೇ ಕಾರು ಸತ್ತಿತು. ಹಿಂದೆ ಒಂದು ಬಸ್ಸು, ಅದರ ಹಿಂದೆ ಟೆಂಪೋ, ಅದರ ಹಿಂದೆ ಖಾನಾಪುರ ತಾಲೂಕು ಪೂರ್ತಿ ಬಂದು ನಿಂತಂತಾಯಿತು. “ಕಾಯ್ ಝಾಲಂ ಕಾಕಾ?” ಎಂದು ಒಬ್ಬ ಕಿಟಕಿಗೆ ಮುಖ ಹಚ್ಚಿ ಮರಾಠಿಯಲ್ಲಿ ಕೇಳಿದ. ಏನಾಯಿತೆಂದು ಕಾಕಾನಿಗೆ ಗೊತ್ತಿದ್ದರೆ ತಾನೆ ಹೇಳುವುದು? ಪದ್ಮಶ್ರೀ ಇಳಿದು ಬಸ್ಸಿನ ಡ್ರೈವರನಿಗೆ ಕೈಮಾಡಿ ಸಮಾಧಾನ ಹೇಳುತ್ತಿದ್ದಳು.

ಇಮಾಮಹುಸೇನ ಕೀಲಿ ತಿರುವಿದ. ಚಾಲೂ ಆಯಿತು. ಉದ್ದ ಕಾಲಿನವನು, ಸರಿಯಾಗಿ ಕೂಡಲು ಮೊಣಕಾಲು ಎತ್ತಿದ. ಮೊಣಕಾಲು ಗೊಂಚಲಿಗೆ ತಾಗಿತು, ಎಂಜಿನ್ನು ಸತ್ತಿತು. ಮತ್ತೆ ತಿರುವಿದ, ಚಾಲೂ. ಮೊಣಕಾಲಿನಿಂದ ಮೆಲ್ಲಗೆ ಗೊಂಚಲನ್ನು ತೂಗಿದ. ಗೆಜ್ಜೆ ಝಣ್ ಎಂದಿತು, ಕೀಲಿ ಕೂದಲೆಳೆಯಷ್ಟು ಹಿಂದಕ್ಕೆ ಸರಿಯಿತು, ಎಂಜಿನ್ನು ಮಾತ್ರ ಸತ್ತು ಹಾಡು ಉಳಿಯುವ ಜಾಗದಲ್ಲಿ ನಿಂತಿತು.

ಒಂದೂವರೆ ತಿಂಗಳ ಗೊಂದಲ ಒಂದು ಗಳಿಗೆಯಲ್ಲಿ ಕರಗಿ, ಅದರ ಕೆಳಗಿದ್ದದ್ದು ಕಾಣಿಸಿತು. ತನಗೆ ಯಾವಾಗಲೂ ಬರೇ ಕೀಲಿ ಸಿಗುತ್ತಿತ್ತು, ಬಸವಪ್ರಸಾದನದೂ ಬರೇ ಕೀಲಿ. ಗೊಂಚಲು ಆಕೆಯೊಬ್ಬಳ ಹತ್ತಿರ. ಆದರೆ ಸರಿಯಾದ ಲಾಕು ಅರ್ಧ ಕಿಲೋ ಭಾರಕ್ಕೆ ಹೀಗೆ ಸರಿಯುವುದಿಲ್ಲ. ಆ ಲಾಕನ್ನು ಎಲ್ಲಿಂದ ತಂದು ಹಾಕಿದ್ದೆನೆಂದು ಇಮಾಮಹುಸೇನನಿಗೆ ನೆನಪಾಯಿತು.

ಪದ್ಮಶ್ರೀ ವಾಪಸು ಬಂದಾಗ, ಏನಾರ ಗೊತ್ತಾಯಿತೇ ಎಂದು ಕೇಳಿದಳು. ಗಾಡಿಗೆ ದೃಷ್ಟಿ ತಾಕಿದೆ, ಊರು ಮುಟ್ಟುವವರೆಗೆ ಬೆಳ್ಳಿ ಕಬ್ಬಿಣಕ್ಕೆ ತಾಗಬಾರದು, ಕೀಲಿ ಬಿಡಿಸಿ ಗೊಂಚಲನ್ನು ಮಡಿಲಲ್ಲಿ ಇಟ್ಟುಕೊಳ್ಳಿ ಎಂದ. ಆಕೆ ಗಣಿತದವಳು. ಅವನನ್ನು ಒಂದು ಸಲ ನೋಡಿ, ಕೀಲಿ ಬಿಡಿಸಿ, ತಾನೇ ಓಡಿಸಿಕೊಂಡು ಬಂದಳು. ಎಲ್ಲ ಹಂಪು, ಎಲ್ಲ ತಗ್ಗು ದಾಟಿದರೂ ಕಾರು ನಿಲ್ಲಲಿಲ್ಲ. ಇಮಾಮಹುಸೇನ ಮೂವತ್ತು ಕಿಲೋಮೀಟರು ಸುಮ್ಮನೆ ಕುಳಿತದ್ದು ಅವನ ಹುಟ್ಟಿನಲ್ಲಿ ಅದೇ ಮೊದಲು.

ಮಗ್ಗದ ಮನೆಯ ಪಡಸಾಲೆಯಲ್ಲಿ ಬಸವಪ್ರಸಾದ ಕಾದಿದ್ದ. ಶಿವಬಸವ್ವ ಕಂಬಕ್ಕೆ ಒರಗಿ ಕುಳಿತಿದ್ದಳು. ಚಹಾ ಬಂತು. ಚಹಾ ಕಂಡದ್ದೇ ಇಮಾಮಹುಸೇನನ ನಾಲಿಗೆಗೆ ಜೀವ ಬಂತು. ಇವತ್ತು ಹೇಗಾದರೂ ದಾಟಿಸಿಬಿಟ್ಟರೆ ನಾಳೆ ಹೊತ್ತು ಮೂಡುವ ಮೊದಲು ಬೇರೊಂದು ಲಾಕು ಹಾಕಿ ಎಲ್ಲ ಮುಚ್ಚಿಬಿಡಬಹುದು. ಮಲಪ್ರಭೆಯ ಮರಳಿನ ಒಂದೇ ಒಂದು ಕಾಳು ಎಂಜಿನ್ನಿನ ಗಂಟಲಲ್ಲಿ ಸಿಕ್ಕಿತ್ತು, ಅದು ಹೆಂಗಸರು ಓಡಿಸುವ ವೇಗಕ್ಕೆ ಮಾತ್ರ ಮೇಲೇಳುವ ಜಾತಿಯ ಮರಳು, ಜರ್ಮನಿಯಲ್ಲಿ ಕಂಪ್ಯೂಟರ್ ಹಚ್ಚಿದರೂ ಸಿಗುತ್ತಿರಲಿಲ್ಲ, ತಾನು ಕಿವಿಯಿಂದ ಕೇಳಿ ಚಿಮಟಿಗೆಯಿಂದ ತೆಗೆದೆ ಎಂದು ಹೇಳಿದ.

ಬಸವಪ್ರಸಾದ ತಲೆ ಅಲ್ಲಾಡಿಸಿದ. “ಅಂದ್ರ ನಾಳೆ ಇನ್ನೊಂದು ಕಾಳು ಹೊಕ್ಕರ ಮತ್ತ ನಿಂತೀತು. ಬ್ಯಾಡ ಚಾಚಾ, ಕಾಕತಿಯವ್ರು ಒಯ್ಯಲಿ. ಗಾಡಿ ಇನ್ನೊಂದ ಸಿಗ್ತದ.”

ಪದ್ಮಶ್ರೀ ಮಡಿಲಿನ ಗೊಂಚಲನ್ನೂ, ಬಿಡಿಸಿದ ಕಾರಿನ ಕೀಲಿಯನ್ನೂ ಅತ್ತೆಯ ಮುಂದೆ ಬೇರೆ ಬೇರೆ ಇಟ್ಟಳು. ಇದನ್ನು ಬಿಡಿಸಿದ ಮೇಲೆ ಗಾಡಿ ನಿಲ್ಲಲಿಲ್ಲ ಅತ್ತಿ, ಯಾಕೆಂದು ಚಾಚಾ ಹೇಳುವುದಿಲ್ಲ ಎಂದಷ್ಟೇ ಅಂದಳು.

ಶಿವಬಸವ್ವ ಕಾರಿನ ಕೀಲಿಯನ್ನು ಎತ್ತಿಕೊಂಡಳು. ಕಣ್ಣು ಮಂಜಾಗಿದ್ದವು, ಹೆಬ್ಬೆರಳಿನಿಂದ ಅದರ ಹಲ್ಲುಗಳನ್ನು ಸವರಿದಳು, ಧಾನ್ಯ ನೋಡುವವರ ಹಾಗೆ, ನಿಧಾನವಾಗಿ. ಹಿಂದೆ ಮುಂದೆ ಹೊರಳಿಸಿ ಮತ್ತೊಮ್ಮೆ ಸವರಿದಳು.

“ಇಮಾಮಾ, ಈ ಲಾಕು ಯಾವಾಗ ಹಾಕಿದಿ?”

ಯುಗಾದಿಯ ಮುಂಚೆ, ಹೊಚ್ಚ ಹೊಸದು, ಪೆಟ್ಟಿಗೆ ಒಡೆದು ಹಾಕಿದ್ದು ಎಂದ ಇಮಾಮಹುಸೇನ. ಧ್ವನಿ ಸ್ವಲ್ಪ ಸಣ್ಣದಾಗಿತ್ತು.

“ನಲವತ್ತ ವರ್ಷ ನಾ ಕೀಲಿ ಸೊಂಟಕ್ಕ ಕಟ್ಟೀನೋ. ಕತ್ತಲದಾಗ ಮುಟ್ಟಿ ಯಾವ ಬೀಗದ್ದಂತ ಹೇಳ್ತೀನಿ. ಇದು ಆರ ತಿಂಗಳಿನ ಕೂಸಲ್ಲ. ಹತ್ತ ವರ್ಷ ಯಾರದೋ ಕೈಯಾಗ ತಿರಗಿ ಹಲ್ಲು ಬಿದ್ದ ಮುದುಕಿ ಐತಿ. ಹೊಸಾ ಬೀಗದ ಹೊಟ್ಟಿಯಾಗ ಮುದುಕಿ ಹ್ಯಾಂಗ ಹುಟ್ಟಿದ್ಲು, ಹೇಳು.”

ಹಿಂದಿನ ಶೆಡ್ಡಿನಲ್ಲಿ ಮಗ್ಗಗಳು ಖಟಖಟ ಎನ್ನುತ್ತಿದ್ದವು. ಇಮಾಮಹುಸೇನ ಚಹಾದ ಕಪ್ಪಿನಲ್ಲಿ ನೋಡಿದ, ಮುಗಿದಿತ್ತು. ಆದರೆ ಇವತ್ತು ಯಾರೂ ಎದ್ದು ಹೋಗಲಿಲ್ಲ. ಬಾಯಿ ತೆರೆದ. ಜರ್ಮನಿ, ಮರಳು, ದೃಷ್ಟಿ, ಯಾವುದೂ ಬರಲಿಲ್ಲ. ಪದ್ಮಶ್ರೀ ಅವನನ್ನೇ ನೋಡುತ್ತಿದ್ದಳು, ಲೆಕ್ಕದ ಕೊನೆಯ ಸಾಲಿಗೆ ಕಾಯುವವಳಂತೆ.

“ಹಳೇದ್ರಿ ಅವ್ವಾರ,” ಎಂದ. “ಗುಜರಿಯಾಗಿಂದ ತಂದು ಹಾಕಿದ್ದು. ಹೊಸಾದು ಹುಬ್ಬಳ್ಳಿಯಿಂದ ಬರಾಕ ಎಂಟ ದಿನಾ ಬೇಕಿತ್ತು. ನಾ ನಾಕ ಮಂದಿ ಮುಂದ ಒಂದ ತಾಸಿನಾಗ ಹಾಕಿ ಕೊಡ್ತೇನಿ ಅಂತ ಅಂದ ಬಿಟ್ಟಿದ್ದೆ. ಒಳಗ ಸವದೈತಿ ಅಂತ ಆವಾಗ ಕೈಗೆ ತಿಳಿದಿತ್ತು. ನಡೀತದ ಬಿಡು ಅಂದೆ. ಬರೇ ಕೀಲಿಗಿ ನಡೀತು. ಗೊಂಚಲ ಭಾರ ಬಿದ್ದಕೂಡ್ಲೇ ಹಿಂದ ಸರಿಯಾಕ ಹತ್ತೇತಿ, ಎಂಜಿನ್ ಬಂದ್, ಹಾಡು ಚಾಲೂ. ಟೀಚರ್ ಮೊದಲನೇ ದಿನಾನ ಹೇಳಿದ್ರು. ನಾ ಕೇಳಲಿಲ್ಲ.” ಕಪ್ಪು ಕೆಳಗಿಟ್ಟ. “ಅವ್ರ ಕಾಲಾಗ ಏನೂ ತಪ್ಪಿಲ್ರಿ ಪ್ರಸಾದಣ್ಣಾ. ನನಗಿಂತ ಛಲೋ ಓಡಸ್ತಾರ. ಆವತ್ತು ನನಗ ಏನೂ ಗೊತ್ತಿರಲಿಲ್ಲ, ಅದಕ್ಕ ಕಾಲಿನ ಮ್ಯಾಲ ಹಾಕಿದೆ.”

ಬಸವಪ್ರಸಾದ ಹೆಂಡತಿಯ ಕಡೆ ನೋಡಲಾರದೆ ಫೋನು ಹಿಡಿದು ಅಂಗಳಕ್ಕೆ ಹೋದ. ನಾಳೆ ಬರಬೇಡಿ, ಗಾಡಿ ಕೊಡುವುದಿಲ್ಲ, ಅದು ಓಡಿಸುವವರಿಗೇ ಬೇಕಾಗಿದೆ ಎಂದು ಕಾಕತಿಯವರಿಗೆ ಹೇಳುವುದು ಒಳಗೆ ಕೇಳಿಸಿತು. ಪದ್ಮಶ್ರೀ ಅತ್ತೆಯ ಕೈಯಿಂದ ಕಾರಿನ ಕೀಲಿ ತೆಗೆದುಕೊಂಡಳು. ಬಳೆಗೆ ಹಾಕಲು ಹೋಗಿ ತಡೆದಳು. ಶಿವಬಸವ್ವ, ಆ ಒಂದು ಕೀಲಿ ಬೇರೆಯೇ ಇರಲಿ, ಪದ್ಧತಿ ಮಾಡಿದವರ ಕಾಲಕ್ಕೆ ಕಾರು ಇರಲಿಲ್ಲ ಎಂದಳು. ಹೊಸ ಲಾಕು ಬರುವವರೆಗೆ ಎಂಟು ದಿನ ತಾನೇ ಬಾಜು ಕುಳಿತು ಖಾನಾಪುರಕ್ಕೆ ಹೋಗಿ ಬರುತ್ತೇನೆ ಎಂದು ಇಮಾಮಹುಸೇನ ಹೇಳಿದ. ಬಾಯಿ ಮುಚ್ಚಿಕೊಂಡು ಬರುವುದಾದರೆ ಬರಲಿ ಎಂದಳು ಪದ್ಮಶ್ರೀ.

ಅವನು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಶಿವಬಸವ್ವ ಕಂಬದ ಹತ್ತಿರದಿಂದಲೇ ಕರೆದಳು.

“ಇಮಾಮಾ. ಇವತ್ತ ಬಾಯಿಗೆ ಖರೇ ಹತ್ತೇತಿ, ಇದೊಂದೂ ಹೇಳಿ ಹೋಗು. ಆ ಗೋವಾಕ್ಕ ಹೋದ ಗಾಡಿದು?”

ಇಮಾಮಹುಸೇನ ಒಂದು ಕಾಲಿಗೆ ಚಪ್ಪಲಿ ಹಾಕಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ನಿಂತ. ಓಣಿಯ ಕಡೆ ನೋಡಿದ, ಯಾರೂ ಇರಲಿಲ್ಲ.

“ಪೀರನವಾಡಿ ಮಟಾ ಹೋಗಿತ್ರಿ,” ಎಂದ. “ನಿಲ್ಲಲಿಲ್ಲ ಅನ್ನೂದು ಖರೇ. ಬ್ರೇಕ ಕಟ್ಟೂದು ಮರತಿದ್ದೆ. ಕಬ್ಬಿನ ಚಕ್ಕಡಿಗಿ ಹೋಗಿ ಗುದ್ದಿ ನಿಂತ್ತು. ವಾಪಸ್ ಬಂದದ್ದೂ ಖರೇ. ಆ ಚಕ್ಕಡಿ ಎತ್ತು ಗಾಡಿಗಿ ಹೂಡಿ ಎಳಕೊಂಡು ಬಂದ್ವಿ. ಅದಕ್ಕ ಪೆಟ್ರೋಲ್ ಹತ್ತಲಿಲ್ಲ.”